ಮಳೆಗೆ ಮೊದಲು ಮೂರು ಪಾಠ

ನಮ್ಮ ಕರಾವಳಿಯಲ್ಲಿ ವಸಂತ ಎಂಬ ಮಾತನ್ನು ಪಂಚಾಂಗ ಬಿಟ್ಟರೆ ಬೇರೆ ಯಾರೂ ಹೆಚ್ಚು ಬಳಸುವುದಿಲ್ಲ. ಮಾರ್ಚ್ ಬಂತೆಂದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ಸೆಕೆ ಶುರುವಾಯಿತು’. ಹವಾಮಾನ ಇಲಾಖೆ ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳನ್ನು ಒಟ್ಟಿಗೆ ‘ಮುಂಗಾರು ಪೂರ್ವ ಋತು’ ಎಂದು ಕರೆಯುತ್ತದೆ. ನನಗೆ ಈ ಹೆಸರೇ ಹೆಚ್ಚು ಸರಿ ಎನಿಸುತ್ತದೆ. ಮುಂದೆ ಬರಲಿರುವುದು ಏನು ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ.

ನಾನು ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡುವವನು. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ‘ವ್ಯವಹಾರ ಸೇವೆಗಳು’ ಎಂಬ ಅಧ್ಯಾಯ ಇದೆ. ಅದರಲ್ಲಿ ವಿಮೆಯ ತತ್ವಗಳು ಬರುತ್ತವೆ. ಆ ಪಾಠ ಮಾಡುವಾಗ ನಾನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇನೆ. ‘ಮನೆಯಲ್ಲಿ ಬೈಕೋ ಕಾರೋ ಇದೆಯೇ, ಅದಕ್ಕೆ ಇನ್ಶೂರೆನ್ಸ್ ಇದೆಯೇ?’ ಎಂದರೆ ತರಗತಿಯಲ್ಲಿ ಬಹುತೇಕ ಎಲ್ಲರ ಕೈ ಮೇಲೇಳುತ್ತದೆ. ‘ಆ ಬೈಕ್ ನಿಲ್ಲುವ ಮನೆಗೆ?’ ಎಂದರೆ ತರಗತಿ ಸುಮ್ಮನಾಗುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬರುವ ಮನೆಗಳ ಮಕ್ಕಳೂ ಆ ಸುಮ್ಮನಾದವರಲ್ಲಿ ಇರುತ್ತಾರೆ.

ಈ ಲೇಖನ ಬರೆಯಲು ಅದೇ ಕಾರಣ. ರಜೆಯ ದಿನಗಳು ಮುಗಿಯುವ ಹೊತ್ತಿಗೆ ಮಳೆ ಬಂದಿರುತ್ತದೆ. ಅದಕ್ಕೆ ಮೊದಲು ನಾವು ಓದಲು ಕಲಿಯಬೇಕಾದ ಮೂರು ವಿಷಯಗಳಿವೆ: ಹವಾಮಾನದ ಮುನ್ಸೂಚನೆ, ಗಾಳಿಯ ಗುಣಮಟ್ಟದ ಸೂಚ್ಯಂಕ ಮತ್ತು ವಿಮೆಯ ಪಾಲಿಸಿ. ಈ ಮೂರಕ್ಕೂ ಸಾಮಾನ್ಯವಾದ ಒಂದು ಗುಣ ಇದೆ. ಮೂರೂ ನಮಗೆ ಒಂದು ಅಂಕಿಯನ್ನು ಕೊಡುತ್ತವೆ. ಮುನ್ಸೂಚನೆಯ ಅಂಕಿ ಇಡೀ ಜಿಲ್ಲೆಯದು, ಸೂಚ್ಯಂಕದ ಅಂಕಿ ಯಾವುದೋ ಒಂದು ಮಾಪನ ಕೇಂದ್ರದ್ದು, ಪಾಲಿಸಿಯ ಅಂಕಿ ಕಾಗದದ ಮೇಲಿನದು. ಅವುಗಳನ್ನು ನಮ್ಮ ಮನೆಯ ಅಂಕಿಯಾಗಿ ಬದಲಾಯಿಸಿಕೊಳ್ಳುವ ಕೆಲಸ ಮಾತ್ರ ನಮ್ಮದೇ.

ಒಂದನೆಯ ಪಾಠ: ಆಕಾಶ

ಮೊದಲು ಸೆಕೆಯ ವಿಷಯ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ನಮ್ಮಲ್ಲಿ 34 ಡಿಗ್ರಿ; ಆದರೂ ನಾವೇ ಹೆಚ್ಚು ಬೆವರುತ್ತೇವೆ ಏಕೆ? ಬೆವರು ಆವಿಯಾಗುವಾಗ ದೇಹದ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಗಾಳಿಯಲ್ಲಿ ಈಗಾಗಲೇ ತೇವಾಂಶ ತುಂಬಿದ್ದರೆ ಬೆವರು ಆವಿಯಾಗದೆ ಮೈಮೇಲೆಯೇ ನಿಲ್ಲುತ್ತದೆ, ದೇಹ ತಣಿಯುವುದಿಲ್ಲ. ಈ ಕಾರಣಕ್ಕೇ ಹವಾಮಾನ ಇಲಾಖೆಯ ‘ಬಿಸಿಗಾಳಿ’ ಮಾನದಂಡ ಎಲ್ಲ ಕಡೆ ಒಂದೇ ಅಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಲೆಕ್ಕ ಆರಂಭವಾಗುತ್ತದೆ. ಕರಾವಳಿಯಲ್ಲಿ 37 ಡಿಗ್ರಿ ಸಾಕು, ಜೊತೆಗೆ ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು.

ನಮ್ಮನ್ನು ಕಾಯುವುದು ಕಡಲಗಾಳಿ. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಸಮುದ್ರದ ಕಡೆಯಿಂದ ತಂಪು ಗಾಳಿ ಬರುತ್ತದೆ. ಘಟ್ಟದ ಕಡೆಯಿಂದ ಬೀಸುವ ಒಣ ಮೂಡಣ ಗಾಳಿ ಬಲವಾಗಿದ್ದ ದಿನ ಈ ಕಡಲಗಾಳಿ ತಡವಾಗುತ್ತದೆ. ಹನ್ನೊಂದು ಗಂಟೆಗೆ ಬರಬೇಕಾದದ್ದು ಮಧ್ಯಾಹ್ನ ದಾಟಿದರೂ ಬಾರದಿದ್ದರೆ ತಾಪಮಾನ ಸರ್ರನೆ ಏರುತ್ತದೆ. ಪರೀಕ್ಷೆಗೆಂದು ಬಿಸಿಲಲ್ಲಿ ಓಡಾಡುವವರು ಅಂಥ ದಿನಗಳಲ್ಲಿ ನೀರಿನ ಬಾಟಲಿ ಮರೆಯಬಾರದು.

ಏಪ್ರಿಲ್ ನಂತರ ಸಂಜೆಯ ಗುಡುಗುಮಳೆ ಬರುತ್ತದೆ. ಘಟ್ಟದ ಮೇಲಿನವರಿಗೆ ಇದು ಕಾಫಿ ಅರಳಿಸುವ ಹೂಮಳೆ. ನಮಗೆ ಮಾವಿನ ಕಾಲದ ಮಳೆ. ಇದರಲ್ಲಿ ನೀರಿಗಿಂತ ಅಪಾಯ ಹೆಚ್ಚು ಸಿಡಿಲಿನದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಮೈದಾನ ಬಿಟ್ಟು ಒಳಗೆ ಬರಬೇಕು, ಮರದ ಕೆಳಗೆ ನಿಲ್ಲಬಾರದು. ‘ದಾಮಿನಿ’ ಎಂಬ ಸರ್ಕಾರಿ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಇನ್ನು ಬಣ್ಣಗಳು. ‘ನಾಳೆ ಆರೆಂಜ್ ಅಲರ್ಟ್’ ಎಂದ ಕೂಡಲೇ ನಮ್ಮ ಮಕ್ಕಳ ಮೊದಲ ಪ್ರಶ್ನೆ ‘ಸರ್, ರಜೆಯಾ?’ ಎಂಬುದು. ಬಣ್ಣದ ಅರ್ಥ ರಜೆಗಿಂತ ದೊಡ್ಡದು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ. ಮಳೆಯ ಪ್ರಮಾಣಕ್ಕೂ ನಿಶ್ಚಿತ ಪದಗಳಿವೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ‘ಭಾರಿ’, 115.6ರಿಂದ 204.4 ಬಿದ್ದರೆ ‘ಅತಿ ಭಾರಿ’, ಅದಕ್ಕೂ ಮೇಲೆ ‘ಅತ್ಯಂತ ಭಾರಿ’ ಮಳೆ.

ಮಿಲಿಮೀಟರ್ ಎಂದರೆ ಸಣ್ಣ ಅಳತೆ ಎನಿಸುತ್ತದೆ. ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 1,000 ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ದಿನ 200 ಮಿಲಿಮೀಟರ್ ಮಳೆ ಬಿದ್ದರೆ ಆ ಒಂದು ತಾರಸಿಯಿಂದಲೇ 18,600 ಲೀಟರ್ ಕೆಳಗೆ ಬರುತ್ತದೆ. ಒಂದು ಎಕರೆ ಮೈದಾನದ ಮೇಲಾದರೆ 8 ಲಕ್ಷ ಲೀಟರಿಗೂ ಹೆಚ್ಚು. 12,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 67 ಟ್ಯಾಂಕರ್. ಇಷ್ಟು ನೀರು ಮೊದಲು ಮಣ್ಣಿಗೆ ಇಳಿಯುತ್ತಿತ್ತು, ಗದ್ದೆಯಲ್ಲಿ ನಿಲ್ಲುತ್ತಿತ್ತು. ಈಗ ಗದ್ದೆ ಸೈಟ್ ಆಗಿದೆ, ಅಂಗಳಕ್ಕೆ ಇಂಟರ್‌ಲಾಕ್ ಬಿದ್ದಿದೆ. ನೀರು ನೇರವಾಗಿ ತೋಡಿಗೆ ಹೋಗುತ್ತದೆ. ತೋಡು ತುಂಬಿದ್ದರೆ ರಸ್ತೆಗೆ, ರಸ್ತೆ ಎತ್ತರವಾಗಿದ್ದರೆ ಮನೆಯೊಳಗೆ.

ಅದಕ್ಕೇ ‘ನಮ್ಮ ಮನೆ ಹೊಳೆಯ ಬದಿಯಲ್ಲಿಲ್ಲ, ನಮಗೆ ನೆರೆ ಇಲ್ಲ’ ಎಂಬ ಮಾತು ಈಗ ನಿಲ್ಲುವುದಿಲ್ಲ. ತುಳುವಿನಲ್ಲಿ ‘ಬೊಳ್ಳ’ ಎಂದರೆ ನೆರೆ. 1923ರ ನೆರೆಯನ್ನು ಜಿಲ್ಲೆಯ ಹಿರಿಯರು ‘ಮಾರಿ ಬೊಳ್ಳ’ ಎಂದೇ ಕರೆಯುತ್ತಿದ್ದರು. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಉಪ್ಪಿನಂಗಡಿಯ ಪೇಟೆಗಳು ಮುಳುಗಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಮತ್ತೆ ಉಕ್ಕಿತು. ಇವು ಹೊಳೆಯ ನೆರೆಗಳು. 2018ರ ಮೇ 29ರಂದು ಮಂಗಳೂರಿನಲ್ಲಿ ಆದದ್ದು ಬೇರೆ ರೀತಿಯದು. ಅಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿಯಂಥ ತಗ್ಗು ಜಾಗಗಳಲ್ಲಿ ಮನೆ, ಅಂಗಡಿ, ವಾಹನಗಳು ನೀರಿನಲ್ಲಿ ನಿಂತವು. ಅದು ನಗರದ ನೆರೆ.

ಆ ದಿನಾಂಕವನ್ನು ಗಮನಿಸಿ: ಮೇ 29. ಜೂನ್ ಇನ್ನೂ ಬಂದಿರಲಿಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. ‘ಜೂನ್ ಬರಲಿ, ಆಮೇಲೆ ನೋಡೋಣ’ ಎನ್ನುವವರಿಗೆ ಈ ಎರಡು ದಿನಾಂಕಗಳು ಸಾಕು.

ಎರಡನೆಯ ಪಾಠ: ಗಾಳಿ

ಗಾಳಿ ಕೆಟ್ಟಿದೆ ಎಂದರೆ ನಮಗೆ ದೆಹಲಿ ನೆನಪಾಗುತ್ತದೆ. ಕಡಲಗಾಳಿ ಇರುವುದರಿಂದ ನಮ್ಮಲ್ಲಿ ಅಷ್ಟು ಕೆಡುವುದಿಲ್ಲ ಎಂಬುದು ನಿಜ. ಆದರೆ ಮಾರ್ಚ್‌ನಲ್ಲಿ ಹೆದ್ದಾರಿಯ ಬದಿ ಹತ್ತು ನಿಮಿಷ ಬಸ್ಸಿಗೆ ಕಾದವರಿಗೆ ಧೂಳಿನ ರುಚಿ ಗೊತ್ತು. ಮಳೆ ಇಲ್ಲದ ತಿಂಗಳುಗಳಲ್ಲಿ ಗಾಳಿಯನ್ನು ತೊಳೆಯುವವರು ಯಾರೂ ಇಲ್ಲ. ರಸ್ತೆಯ ಧೂಳು, ವಾಹನದ ಹೊಗೆ, ಕಟ್ಟಡದ ಪುಡಿ ಗಾಳಿಯಲ್ಲೇ ಉಳಿಯುತ್ತವೆ.

ಭಾರತದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ, 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಎಂಟು ಮಾಲಿನ್ಯಕಾರಕಗಳಿವೆ: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯ ಮತ್ತು ಸೀಸ. ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ದೊಡ್ಡ ಧೂಳನ್ನು ಮೂಗು ತಡೆಯುತ್ತದೆ. ಈ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ಸೂಚ್ಯಂಕದ ಮೆಟ್ಟಿಲುಗಳು ಹೀಗಿವೆ: 0–50 ಉತ್ತಮ, 51–100 ತೃಪ್ತಿಕರ, 101–200 ಮಧ್ಯಮ, 201–300 ಕಳಪೆ, 301–400 ಅತಿ ಕಳಪೆ, 401–500 ತೀವ್ರ. ಇಲ್ಲಿ ಹಲವರು ತಪ್ಪಾಗಿ ತಿಳಿಯುವ ಒಂದು ಸಂಗತಿ ಇದೆ. ಎಕ್ಯುಐ ಎಂಬುದು ಎಂಟು ಮಾಲಿನ್ಯಕಾರಕಗಳ ಸರಾಸರಿ ಅಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಉಪಸೂಚ್ಯಂಕ ಲೆಕ್ಕ ಹಾಕಿ, ಅವುಗಳಲ್ಲಿ ಅತಿ ಹೆಚ್ಚಿರುವುದನ್ನೇ ಆ ಸ್ಥಳದ ಎಕ್ಯುಐ ಎಂದು ಹೇಳುತ್ತಾರೆ. ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಬೇಕು, ಅದರಲ್ಲೊಂದು ಪಿಎಂ ಆಗಿರಲೇಬೇಕು.

ಉದಾಹರಣೆ ಮಾಡೋಣ. ಒಂದು ದಿನ ಪಿಎಂ 2.5ರ 24 ಗಂಟೆಯ ಸರಾಸರಿ ಪ್ರತಿ ಘನ ಮೀಟರಿಗೆ 45 ಮೈಕ್ರೋಗ್ರಾಂ, ಪಿಎಂ 10ರದು 120 ಮೈಕ್ರೋಗ್ರಾಂ ಎಂದುಕೊಳ್ಳಿ. ಪಿಎಂ 2.5ಕ್ಕೆ 31–60ರ ಸಾಲು 51–100ರ ಮೆಟ್ಟಿಲಿಗೆ ಸೇರುತ್ತದೆ. 45 ಅದರ ನಡುವೆ ಇರುವುದರಿಂದ ಉಪಸೂಚ್ಯಂಕ ಸುಮಾರು 75. ಪಿಎಂ 10ಕ್ಕೆ 101–250ರ ಸಾಲು 101–200ರ ಮೆಟ್ಟಿಲಿಗೆ ಸೇರುತ್ತದೆ. 120ಕ್ಕೆ ಉಪಸೂಚ್ಯಂಕ ಸುಮಾರು 113. ಉಳಿದವು ಇವೆರಡಕ್ಕಿಂತ ಕಡಿಮೆ ಇದ್ದರೆ ಅಂದಿನ ಎಕ್ಯುಐ 113, ‘ಮಧ್ಯಮ’. ಆ ದಿನ ನಮ್ಮನ್ನು ಕಾಡುತ್ತಿರುವುದು ಹೊಗೆಗಿಂತ ಧೂಳು ಎಂದೂ ಈ ಲೆಕ್ಕದಿಂದ ಊಹಿಸಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಯಾವ ಮಾಲಿನ್ಯಕಾರಕ ಮುಂದಿದೆ ಎಂಬುದನ್ನೂ ತೋರಿಸುತ್ತಾರೆ. ಅಂಕಿ ನೋಡುವಾಗ ಅದನ್ನೂ ನೋಡಿ.

‘ಮಧ್ಯಮ’ ಎಂಬ ಪದ ಕೇಳಿ ನಿಶ್ಚಿಂತರಾಗಬೇಡಿ. ಆಸ್ತಮಾ ಇರುವ ಸಹಪಾಠಿಗೆ ಈ ಮೆಟ್ಟಿಲಿನಲ್ಲೇ ಉಸಿರಾಟದ ತೊಂದರೆ ಕಾಣಬಹುದು. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಾರ್ಗದರ್ಶಿ ಮಟ್ಟ 15.

ಇನ್ನೊಂದು ಮಾತು. ಮಾಪನ ಕೇಂದ್ರ ಇರುವುದು ಎಲ್ಲೋ ಒಂದು ಕಡೆ. ನಿಮ್ಮ ಮನೆಯ ಹಿಂದೆ ನೆರೆಮನೆಯವರು ತರಗೆಲೆಯ ಜೊತೆ ಪ್ಲಾಸ್ಟಿಕ್ ಸುಡುತ್ತಿದ್ದರೆ ಆ ಹೊಗೆ ಆ ಕೇಂದ್ರಕ್ಕೆ ತಿಳಿಯುವುದಿಲ್ಲ. ನಿಮ್ಮ ಅಜ್ಜಿಯ ಎದೆಗೆ ತಿಳಿಯುತ್ತದೆ. ಬೆಳಗಿನ ಹೊತ್ತು ನೆಲದ ಹತ್ತಿರದ ಗಾಳಿ ತಣ್ಣಗೆ ನಿಂತಿರುತ್ತದೆ, ಹೊಗೆ ಮೇಲೇರುವುದಿಲ್ಲ. ನಮ್ಮಲ್ಲಿ ಕಸ ಸುಡುವುದು ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಬಯಲಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆ.

ಇಲ್ಲಿಯೇ ಗಾಳಿಯ ಪಾಠ ನೆರೆಯ ಪಾಠಕ್ಕೆ ಸೇರುತ್ತದೆ. ಅದೇ ಪ್ಲಾಸ್ಟಿಕನ್ನು ಸುಡದೆ ತೋಡಿಗೆ ಎಸೆದರೆ ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಅದು ಮೋರಿಯ ಬಾಯಿಗೆ ಹೋಗಿ ಕೂರುತ್ತದೆ. ಮಾರ್ಚ್‌ನಲ್ಲಿ ಸುಟ್ಟರೆ ಗಾಳಿ ಕೆಡುತ್ತದೆ, ಎಸೆದರೆ ಜೂನ್‌ನಲ್ಲಿ ನೀರು ಉಕ್ಕುತ್ತದೆ. ಉಳಿದಿರುವ ದಾರಿ ಒಂದೇ: ಒಣ ಕಸ ಬೇರೆ ಮಾಡಿ ಕಸದ ಗಾಡಿಗೆ ಕೊಡುವುದು, ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕುವುದು. ಕಸವನ್ನು ಕಣ್ಣಿಗೆ ಕಾಣದಂತೆ ರಾಶಿ ಹಾಕಿದರೂ ಮುಗಿಯುವುದಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿಯೇ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿದದ್ದು ನಮ್ಮ ಕಣ್ಣಮುಂದಿದೆ.

ನೆರೆ ಇಳಿದ ಮೇಲೂ ಗಾಳಿಯ ಪಾಠ ಮುಗಿಯುವುದಿಲ್ಲ. ಒದ್ದೆ ಗೋಡೆ, ಹಾಸಿಗೆಗಳಲ್ಲಿ ಬೂಷ್ಟು ಬೆಳೆದು ಮನೆಯೊಳಗಿನ ಗಾಳಿ ಕೆಡುತ್ತದೆ. ಕಿಟಕಿ ತೆರೆದು ಒಣಗಿಸಬೇಕು. ಕರೆಂಟ್ ಇಲ್ಲವೆಂದು ಜನರೇಟರನ್ನು ಮನೆಯೊಳಗೆ ಇಟ್ಟು ಓಡಿಸಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೂರನೆಯ ಪಾಠ: ಪಾಲಿಸಿ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ‘ನೆರೆ ಬಂದರೆ ಸರ್ಕಾರ ಪರಿಹಾರ ಕೊಡುತ್ತದಲ್ಲ?’ ಎಂದು ಹಲವರು ಕೇಳುತ್ತಾರೆ. ಕೊಡುತ್ತದೆ. ಆದರೆ ಅದು ಮತ್ತೆ ಎದ್ದು ನಿಲ್ಲಲು ಕೊಡುವ ನೆರವು, ನಷ್ಟದ ಪೂರ್ತಿ ಲೆಕ್ಕ ಅಲ್ಲ. ವಿಪತ್ತು ಪರಿಹಾರ ನಿಧಿಯ 2022–26ರ ಕೇಂದ್ರ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಹಾನಿಯಾದ ಮನೆಗೆ 1,20,000 ರೂಪಾಯಿ ಇತ್ತು. ಇಂದಿನ ಕಟ್ಟಡ ವೆಚ್ಚದಲ್ಲಿ ಅದು ಎಷ್ಟು ಗೋಡೆ ಎಬ್ಬಿಸಬಲ್ಲದು ಎಂಬುದನ್ನು ನಿಮ್ಮೂರಿನ ಮೇಸ್ತ್ರಿಯನ್ನು ಕೇಳಿ.

ನಮ್ಮ ದೇಶದಲ್ಲಿ ‘ನೆರೆ ವಿಮೆ’ ಎಂಬ ಪ್ರತ್ಯೇಕ ಪಾಲಿಸಿಯನ್ನು ಸಾಮಾನ್ಯ ಮನೆಯವರು ಹುಡುಕಬೇಕಾಗಿಲ್ಲ. ಅದು ಮನೆ ಮತ್ತು ಅಂಗಡಿಯ ಬೆಂಕಿ ವಿಮೆಯ ಒಳಗೇ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಮೂರು ಏಕರೂಪದ ಪಾಲಿಸಿಗಳನ್ನು ಜಾರಿಗೆ ತಂದಿತು. ಮನೆಗೆ ‘ಭಾರತ್ ಗೃಹ ರಕ್ಷಾ’, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಅಂಗಡಿ ಮತ್ತು ಉದ್ಯಮಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, 5ರಿಂದ 50 ಕೋಟಿಯವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಹೆಸರು ಒಂದೇ, ಮೂಲ ಷರತ್ತುಗಳೂ ಒಂದೇ. ಯಾವ ಕಂಪನಿಯಿಂದ ಕೊಂಡರೂ ಬೆಂಕಿ, ಸಿಡಿಲು, ಚಂಡಮಾರುತ, ನೆರೆ, ಗುಡ್ಡ ಕುಸಿತ, ಭೂಕಂಪ ಇದರಲ್ಲಿ ಸೇರಿವೆ.

ಗೃಹ ರಕ್ಷಾದಲ್ಲಿ ಮನೆಯ ವಿಮಾ ಮೊತ್ತ ಎಂದರೆ ಮತ್ತೆ ಕಟ್ಟಲು ಬೇಕಾಗುವ ಖರ್ಚು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ, ಏಕೆಂದರೆ ನೆರೆ ಬಂದರೂ ಜಾಗ ಅಲ್ಲೇ ಇರುತ್ತದೆ. 1,000 ಚದರ ಅಡಿಯ ಮನೆ, ಚದರ ಅಡಿಗೆ 2,000 ರೂಪಾಯಿ ಎಂದು ಹಿಡಿದರೆ ವಿಮಾ ಮೊತ್ತ 20 ಲಕ್ಷ. ಕಟ್ಟಡಕ್ಕೆ ವಿಮೆ ಮಾಡಿದರೆ ಮನೆಯ ಸಾಮಾನಿಗೆ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಇಲ್ಲಿ 4 ಲಕ್ಷ. ಬಾಡಿಗೆ ಮನೆಯಲ್ಲಿ ಇರುವವರು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು. ಚಿನ್ನಾಭರಣ ತಾನಾಗಿ ಸೇರುವುದಿಲ್ಲ. ಬೇಕಿದ್ದರೆ ಪ್ರತ್ಯೇಕವಾಗಿ ಬರೆಸಬೇಕು. ನಗದು ಹಣಕ್ಕೆ ರಕ್ಷಣೆ ಇಲ್ಲ. ನಮ್ಮ ಕಡೆ ಮುಖ್ಯವಾದ ಆವರಣ ಗೋಡೆ, ತಡೆಗೋಡೆಗಳು ಪಾಲಿಸಿಯ ‘ಮನೆ’ ಎಂಬ ವ್ಯಾಖ್ಯೆಯೊಳಗೆ ಬರುತ್ತವೆ. ಮೊತ್ತ ಲೆಕ್ಕ ಹಾಕುವಾಗ ಅವುಗಳನ್ನು ಬಿಡಬೇಡಿ.

ಇನ್ನು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ತತ್ವಗಳನ್ನು ನೀರಿನಲ್ಲಿ ನಿಲ್ಲಿಸಿ ನೋಡೋಣ.

ಪರಮ ವಿಶ್ವಾಸ: ಮನೆಗೆ ಮೊದಲು ನೀರು ಬಂದಿದೆಯೇ ಎಂದು ಅರ್ಜಿಯಲ್ಲಿ ಕೇಳಿದರೆ ಬಂದದ್ದನ್ನು ಬಂದಿದೆ ಎಂದೇ ಬರೆಯಬೇಕು. ಏಜೆಂಟರು ತುಂಬಿದ ಅರ್ಜಿಗೆ ಓದದೆ ಸಹಿ ಹಾಕಿದರೂ ಅದು ನಿಮ್ಮದೇ ಹೇಳಿಕೆ. ಮುಚ್ಚಿಟ್ಟ ಸಂಗತಿ ಕ್ಲೇಮ್ ಹೊತ್ತಿಗೆ ಹೊರಬರುತ್ತದೆ.

ನಷ್ಟಭರ್ತಿ: ವಿಮೆಯಿಂದ ಲಾಭ ಮಾಡುವಂತಿಲ್ಲ, ಆದ ನಷ್ಟವನ್ನಷ್ಟೇ ತುಂಬಿಕೊಡುತ್ತಾರೆ. ಅದೂ ವಿಮಾ ಮೊತ್ತ ಸರಿಯಾಗಿದ್ದರೆ ಮಾತ್ರ. ನನ್ನ ಚಿಕ್ಕಪ್ಪನ ಬಟ್ಟೆ ಅಂಗಡಿಗೆ ಒಂದು ಮಳೆಗಾಲದಲ್ಲಿ ನೀರು ಬಂತು. ಸಾಲ ತೆಗೆದಾಗ ಮಾಡಿಸಿದ ಪಾಲಿಸಿ ಇತ್ತು, ಆದರೆ ಅದರ ಮೊತ್ತ ಸಾಲದಷ್ಟು ಮಾತ್ರ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿ ಹೇಳುತ್ತೇನೆ: ಅಂಗಡಿಯಲ್ಲಿ 10 ಲಕ್ಷದ ಸರಕು, ವಿಮೆ 5 ಲಕ್ಷಕ್ಕೆ, ನಷ್ಟ 2 ಲಕ್ಷ. ‘5 ಲಕ್ಷದ ವಿಮೆ ಇದೆ, 2 ಲಕ್ಷ ಪೂರ್ತಿ ಸಿಗುತ್ತದೆ’ ಎಂದು ಚಿಕ್ಕಪ್ಪ ನಂಬಿದ್ದರು. ಆದರೆ ಸರಕಿನ ಅರ್ಧಕ್ಕೆ ಮಾತ್ರ ಪ್ರೀಮಿಯಂ ಕಟ್ಟಿದ್ದರಿಂದ ನಷ್ಟದ ಅರ್ಧ ಮಾತ್ರ, ಅಂದರೆ 1 ಲಕ್ಷ; ಅದರಲ್ಲೂ ಪಾಲಿಸಿಯ ಕಡ್ಡಾಯ ಕಡಿತ ಹೋಯಿತು. ಇದಕ್ಕೆ ‘ಸರಾಸರಿ ಷರತ್ತು’ ಎನ್ನುತ್ತಾರೆ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಯನ್ನು ಲೆಕ್ಕಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಈ ಷರತ್ತು ಬರುತ್ತದೆ. ಹಬ್ಬದ ಸೀಸನ್ನಿಗೆ ಸರಕು ತುಂಬಿಸುವ ಅಂಗಡಿಯವರ ಮಕ್ಕಳು ಈ ಒಂದು ಪ್ಯಾರಾವನ್ನು ಮನೆಯಲ್ಲಿ ಓದಿ ಹೇಳಿದರೆ ಸಾಕು, ನನ್ನ ಬರಹ ಸಾರ್ಥಕ.

ಸಮೀಪ ಕಾರಣ: ನಷ್ಟಕ್ಕೆ ನೇರ ಕಾರಣ ಯಾವುದು ಎಂಬುದನ್ನು ನೋಡುತ್ತಾರೆ. ತೋಡು ಉಕ್ಕಿ ಗೋಡೆ ಬಿದ್ದರೆ ನೆರೆ. ವರ್ಷಗಟ್ಟಲೆ ಸೋರಿ ಗೋಡೆ ಹಾಳಾದರೆ ಅದು ಸವಕಳಿ, ವಿಮೆಗೆ ಬರುವುದಿಲ್ಲ.

ವಾಹನಕ್ಕೂ ಇದೇ ತತ್ವ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ವಾಹನದಿಂದ ಇತರರಿಗಾದ ಹಾನಿಗೆ. ನಿಮ್ಮ ಬೈಕ್ ನೀರಲ್ಲಿ ಮುಳುಗಿದರೆ ಅದರಿಂದ ಏನೂ ಸಿಗದು. ಸ್ವಂತ ಹಾನಿಯ ವಿಮೆಯೂ ಇರಬೇಕು. ಅದು ಇದ್ದರೂ ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಇಂಜಿನ್ ಕೆಟ್ಟರೆ, ‘ಕೆಡಿಸಿದ್ದು ನೆರೆಯಲ್ಲ, ಸ್ಟಾರ್ಟ್ ಮಾಡಿದ್ದು’ ಎಂದು ಕ್ಲೇಮ್ ತಿರಸ್ಕರಿಸುವುದುಂಟು. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದವರು ಗಾಡಿಯನ್ನು ತಳ್ಳಿಯೋ ಎಳೆಸಿಯೋ ಗ್ಯಾರೇಜಿಗೆ ಒಯ್ಯಬೇಕು.

ನಷ್ಟ ತಗ್ಗಿಸುವಿಕೆ: ವಿಮೆ ಇದೆ ಎಂದು ಸಾಮಾನನ್ನು ನೀರಿಗೆ ಬಿಟ್ಟು ನೋಡುತ್ತಾ ಕೂರುವಂತಿಲ್ಲ. ಉಳಿಸಬಹುದಾದದ್ದನ್ನು ಉಳಿಸಬೇಕು. ಮೊದಲು ಮನುಷ್ಯರು, ನಂತರ ದಾಖಲೆಗಳು, ಆಮೇಲೆ ಸಾಮಾನು.

ತೋಟ ಇರುವ ಮನೆಗಳಿಗೆ ಒಂದು ಮಾತು. ನಮ್ಮ ಅಡಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ಬೆಳೆ ವಿಮೆ. ರೈತರ ಪಾಲು ವಿಮಾ ಮೊತ್ತದ ಶೇ 5. ಇಲ್ಲಿ ನಿಮ್ಮ ತೋಟ ನೋಡಿ ಪರಿಹಾರ ನಿರ್ಧರಿಸುವುದಿಲ್ಲ, ಮಳೆ ಮಾಪನದ ಅಂಕಿ ನೋಡಿ ನಿರ್ಧರಿಸುತ್ತಾರೆ. ನೋಂದಣಿಯ ಕೊನೆಯ ದಿನವನ್ನು ಸರ್ಕಾರ ಪ್ರತಿ ವರ್ಷ ಪ್ರಕಟಿಸುತ್ತದೆ, ಅದು ದಾಟಿದರೆ ಆ ವರ್ಷ ಮುಗಿಯಿತು.

ತರಗತಿಯಲ್ಲಿ ಬರುವ ಒಂದು ಪ್ರಶ್ನೆ

‘ಸರ್, ಇನ್ಶೂರೆನ್ಸ್ ಮಾಡುವುದು ನಮಗೆ ಜಾಯಿಝಾ?’ ಈ ಪ್ರಶ್ನೆ ಬಾರದ ವರ್ಷವಿಲ್ಲ. ಮನೆಯಲ್ಲಿ ಹಿರಿಯರು ಬೇಡವೆನ್ನಲು ಇದೇ ಕಾರಣ ಎಂದು ಹಲವು ಮಕ್ಕಳು ಹೇಳುತ್ತಾರೆ. ನಾನು ವಾಣಿಜ್ಯದ ಮೇಷ್ಟ್ರು, ತೀರ್ಪು ಹೇಳುವವನಲ್ಲ. ಗೊತ್ತಿರುವ ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1985ರಲ್ಲಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ, ಸದಸ್ಯರು ಪರಸ್ಪರ ಕೂಡಿ ಹಣ ಹಾಕುವ ಸಹಕಾರಿ ವಿಮೆಯನ್ನು ಒಪ್ಪಿತು. ಈ ಮಾದರಿಗೆ ‘ತಕಾಫುಲ್’ ಎನ್ನುತ್ತಾರೆ. ಮಲೇಷ್ಯಾ 1984ರಲ್ಲೇ ಅದಕ್ಕೆ ಕಾನೂನು ಮಾಡಿತು. ನಮ್ಮ ದೇಶದಲ್ಲಿ ಅದಕ್ಕೆ ಪ್ರತ್ಯೇಕ ಕಾನೂನು ಇಲ್ಲ. ಕಾನೂನು ಕಡ್ಡಾಯ ಮಾಡಿರುವ ವಿಮೆಯ ಬಗ್ಗೆ, ಅನಿವಾರ್ಯ ಸಂದರ್ಭದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಹಾಗಾಗಿ ಪಾಲಿಸಿಯ ಪ್ರತಿಯನ್ನೇ ತೆಗೆದುಕೊಂಡು ಹೋಗಿ, ಏನು ಕಟ್ಟುತ್ತೀರಿ, ಏನು ಸಿಗುತ್ತದೆ ಎಂಬುದನ್ನು ಸರಿಯಾಗಿ ವಿವರಿಸಿ, ನೀವು ನಂಬುವ ಉಸ್ತಾದರನ್ನು ಕೇಳಿ. ಅರ್ಧ ಮಾಹಿತಿ ಕೊಟ್ಟು ಪೂರ್ತಿ ಉತ್ತರ ಕೇಳಬೇಡಿ.

ಬೇಡವೆಂದು ತೀರ್ಮಾನಿಸಿದ ಮನೆಗೂ ಒಂದು ಕರ್ತವ್ಯ ಉಳಿಯುತ್ತದೆ. ಪಾಲಿಸಿ ಇಲ್ಲದಿದ್ದರೆ ಆ ಅಪಾಯವನ್ನು ಹೊರುವವರು ನೀವೇ. ಹಾಗಿದ್ದರೆ ಅದಕ್ಕೆಂದೇ ತಿಂಗಳಿಗೆ ಇಷ್ಟು ಎಂದು ಎತ್ತಿಡುವುದು, ಸರಕನ್ನು ನೆಲದಿಂದ ಎತ್ತರದಲ್ಲಿ ಜೋಡಿಸುವುದು, ಮೊಹಲ್ಲಾದಲ್ಲಿ ನೆರೆ ನೆರವಿಗೆ ಮೊದಲೇ ಒಂದು ನಿಧಿ ಮಾಡುವುದು ಬೇಕು. ನೆರೆ ಬಂದ ಮೇಲೆ ಚಂದಾ ಎತ್ತುವುದು ನಮಗೆಲ್ಲ ಗೊತ್ತಿದೆ. ಅದನ್ನು ಏಪ್ರಿಲ್‌ನಲ್ಲೇ ಮಾಡಬಹುದು.

ನೀರು ಬಂದ ದಿನ

ಪಾಲಿಸಿ ಇರುವವರು ನೆನಪಿಡಬೇಕಾದದ್ದು ಇಷ್ಟು. ಕರೆಂಟಿನ ಮೇನ್ ಸ್ವಿಚ್ ಆರಿಸಿ, ಆದರೆ ನೀರಲ್ಲಿ ನಿಂತು ಮುಟ್ಟಬೇಡಿ. ಸುರಕ್ಷಿತವಾದ ಮೇಲೆ ನೀರು ನಿಂತ ಮಟ್ಟ ಗೋಡೆಯ ಮೇಲೆ ಕಾಣುವಂತೆ ಫೋಟೋ, ವಿಡಿಯೋ ತೆಗೆಯಿರಿ. ವಿಮಾ ಕಂಪನಿಗೆ ಕೂಡಲೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸರ್ವೇಯರ್ ನೋಡುವವರೆಗೆ ಹಾಳಾದ ಸಾಮಾನನ್ನು ಎಸೆಯಬೇಡಿ; ಎಸೆಯಲೇಬೇಕಾದರೆ ಒಂದೊಂದರ ಫೋಟೋ ಇರಲಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾಯಿತು ಎನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಬೇಕು. ಪರಿಹಾರ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ದೂರುಗಳನ್ನು ಅಲ್ಲಿ ಶುಲ್ಕವಿಲ್ಲದೆ ಕೇಳುತ್ತಾರೆ, ವಕೀಲರೂ ಬೇಕಾಗಿಲ್ಲ. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಮತ್ತೊಂದು ನಿಯಮ. 1938ರ ವಿಮಾ ಕಾಯ್ದೆಯ 64ವಿಬಿ ವಿಧಿಯಂತೆ ಪ್ರೀಮಿಯಂ ಮುಂಗಡವಾಗಿ ಕೈಸೇರದೆ ಕಂಪನಿ ಅಪಾಯವನ್ನು ಹೊರುವಂತಿಲ್ಲ. ನೀರು ಮೆಟ್ಟಿಲು ಹತ್ತುವಾಗ ಪಾಲಿಸಿ ಕೊಳ್ಳಲು ಆಗುವುದಿಲ್ಲ.

ರಜೆಯ ಮನೆಗೆಲಸ

1. ನಿಮ್ಮ ಮನೆ ಅಥವಾ ಬೀದಿಗೆ ಹಿಂದೆ ಎಂದಾದರೂ ನೀರು ಬಂದಿತ್ತೇ, ಎಷ್ಟು ಎತ್ತರಕ್ಕೆ? ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರನ್ನು ಕೇಳಿ, ವರ್ಷದ ಸಮೇತ ಬರೆದುಕೊಳ್ಳಿ.

2. ನಿಮ್ಮ ತಾರಸಿಯ ವಿಸ್ತೀರ್ಣ ಅಳೆದು, 100 ಮಿಲಿಮೀಟರ್ ಮಳೆಗೆ ಎಷ್ಟು ಲೀಟರ್ ನೀರು, ಅದು ಯಾವ ತೋಡಿಗೆ ಹೋಗುತ್ತದೆ, ಆ ತೋಡಿನಲ್ಲಿ ಈಗ ಏನಿದೆ ಎಂದು ನೋಡಿ.

3. ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ಹತ್ತಿರದ ಕೇಂದ್ರದ ಎಕ್ಯುಐ ಮತ್ತು ಮುಂದಿರುವ ಮಾಲಿನ್ಯಕಾರಕ ಬರೆದಿಡಿ. ಮಳೆ ಬಂದ ಮರುದಿನದ ಅಂಕಿಯನ್ನು ಮರೆಯದೆ ಬರೆಯಿರಿ.

4. ಮನೆಯಲ್ಲಿರುವ ಪಾಲಿಸಿಗಳನ್ನು ಹೊರತೆಗೆಯಿರಿ. ಯಾವುದಕ್ಕೆ, ಎಷ್ಟು ಮೊತ್ತಕ್ಕೆ, ಯಾವ ದಿನಾಂಕದವರೆಗೆ ಎಂಬ ಮೂರು ಸಂಗತಿ ನೋಡಿ. ಅವಧಿ ಮೇ ತಿಂಗಳಲ್ಲಿ ಮುಗಿಯುವುದಾದರೆ ಇಂದೇ ಹೇಳಿ.

5. ಆಧಾರ್, ಅಂಕಪಟ್ಟಿ, ಜಾಗದ ಪತ್ರ, ಪಾಲಿಸಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎತ್ತರದಲ್ಲಿಡಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ.

ಮೊದಲ ಮೂರರ ಉತ್ತರವನ್ನು ಕಾಲೇಜು ತೆರೆದ ವಾರ ನನಗೆ ತಂದು ಕೊಡಿ. ಎಲ್ಲರ ನೀರಿನ ಮಟ್ಟಗಳನ್ನು ಸೇರಿಸಿ ನಮ್ಮ ಸುತ್ತಲಿನ ಊರುಗಳ ಒಂದು ನಕ್ಷೆ ಮಾಡಿ ಗ್ರಂಥಾಲಯದ ಗೋಡೆಗೆ ಹಾಕೋಣ; ಭೂಗೋಳ ವಿಭಾಗದವರು ಸಹಾಯ ಮಾಡುವುದಾಗಿ ಒಪ್ಪಿದ್ದಾರೆ. ನಾಲ್ಕು ಮತ್ತು ಐದನೆಯದನ್ನು ನನಗೆ ತೋರಿಸಬೇಕಾಗಿಲ್ಲ, ಮನೆಯವರಿಗೆ ತೋರಿಸಿ.